‘ಕನ್‌ಕರೆಂಟ್’ ಅಂದರೇನು?



ಇಂಗ್ಲಿಷಿನ ಈ ಶಬ್ದ ಲ್ಯಾಟಿನ್ ಭಾಷೆಯಿಂದ ಬಂದದ್ದು. ‘ಕೂಡಿ ಓಡುವುದು’ ಎಂಬುದು ಮೂಲ ಅರ್ಥ. ಆದರೆ ಏನು ಕೂಡುತ್ತದೆ ಎಂಬುದು ಒಂದೊಂದು ಶಾಸ್ತ್ರದಾಗ ಒಂದೊಂದು ತರಹ ಐತಿ.

ಮೊದಲು ಗಣಿತ. ನಮ್ಮ ಗರಗದಾಗ ರಾಷ್ಟ್ರಧ್ವಜದ ಖಾದಿ ನೇಯುವುದು ಎಲ್ಲರಿಗೂ ಗೊತ್ತು. ಮಗ್ಗದ ಮೇಲಿನ ಹಾಸಿನ ಎಳೆಗಳು ಸಮಾಂತರ, ಒಂದಕ್ಕೊಂದು ಕೂಡುವುದಿಲ್ಲ. ಧ್ವಜದ ಅಶೋಕ ಚಕ್ರ ನೋಡಿರಿ. ಅದರ 24 ಗೆರೆಗಳನ್ನು ಒಳಗೆ ಬೆಳೆಸಿದರೆ ಎಲ್ಲವೂ ನಟ್ಟನಡುವಿನ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಇವು ಕನ್‌ಕರೆಂಟ್ ರೇಖೆಗಳು. ಎರಡು ಗೆರೆಗಳ ನಡುವಿನ ಕೋನ 360 ÷ 24 = 15 ಡಿಗ್ರಿ. ಇಲ್ಲಿ ಕೂಡುವುದು ಜಾಗದಲ್ಲಿ, ವೇಳೆಯ ಮಾತೇ ಇಲ್ಲ.

ಕೋರ್ಟಿನಲ್ಲಿ ವೇಳೆಯದೇ ಮಾತು. ಒಬ್ಬನಿಗೆ ಎರಡು ಅಪರಾಧಕ್ಕೆ 3 ವರ್ಷ, 2 ವರ್ಷ ಶಿಕ್ಷೆಯಾಯಿತು ಅನ್ನೋಣ. ಒಂದಾದ ಮೇಲೊಂದು ಅಂದರೆ 5 ವರ್ಷ. ನ್ಯಾಯಾಧೀಶರು ‘ಏಕಕಾಲಕ್ಕೆ’ ಎಂದು ಬರೆದರೆ 3ಕ್ಕೇ ಮುಗೀತು. ಒಂದು ಶಬ್ದಕ್ಕೆ ಎರಡು ವರ್ಷ!

ಸಂವಿಧಾನದಲ್ಲಿ ಕೂಡುವುದು ಅಧಿಕಾರ. ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು 3 ಇವೆ. ಸಮವರ್ತಿಯಲ್ಲಿರುವ ವಿಷಯಕ್ಕೆ ಇಬ್ಬರೂ ಕಾನೂನು ಮಾಡಬಹುದು. ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲಿತ್ತು. 1976ರ 42ನೆಯ ತಿದ್ದುಪಡಿ ಅದನ್ನು ಸಮವರ್ತಿಗೆ ತಂದಿತು. ಅದಕ್ಕೇ ನಮ್ಮ ಸಾಲಿ ವಿಷಯದಾಗ ಬೆಂಗಳೂರಿನವರೂ ಹೇಳತಾರ, ದಿಲ್ಲಿಯವರೂ ಹೇಳತಾರ. 6ರಿಂದ 14 ವರ್ಷದ ಮಕ್ಕಳು ಪುಕ್ಕಟೆ ಕಲಿಯಬೇಕೆಂಬ 2009ರ ಕಾನೂನು ದಿಲ್ಲಿಯದು. ಇಬ್ಬರ ಕಾನೂನುಗಳು ಒಂದಕ್ಕೊಂದು ಅಡ್ಡ ಬಂದರೆ ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತದೆ. ರಾಜ್ಯದ ಕಾನೂನಿಗೆ ರಾಷ್ಟ್ರಪತಿಯವರ ಒಪ್ಪಿಗೆ ಸಿಕ್ಕಿದ್ದರೆ ಮಾತ್ರ ಆ ರಾಜ್ಯದಲ್ಲಿ ಅದು ನಡೆಯುತ್ತದೆ.

ಕಂಪ್ಯೂಟರಿನದು ತುಸು ತೊಡಕು. ಅವ್ವ ಬ್ಯಾಳಿ ಕುದಿಯಲಿಕ್ಕೆ ಇಟ್ಟು ರೊಟ್ಟಿ ಬಡಿಯುತ್ತಾಳೆ, ನಡುನಡುವೆ ಬ್ಯಾಳಿ ತಿರುವುತ್ತಾಳೆ. ಕೆಲಸ ಎರಡು, ಮಾಡುವಾಕಿ ಒಬ್ಬಾಕಿ. ಒಂದು ಕ್ಷಣಕ್ಕೆ ಕೈ ಒಂದರ ಮೇಲೇ, ಆದರೂ ಎರಡೂ ಕೂಡಿ ಸಾಗುತ್ತವೆ. ಕಂಪ್ಯೂಟರ್ ಕೂಡ ಹೀಗೇ ಬಹಳ ಬೇಗ ಬೇಗ ಪಾಳಿ ಬದಲಿಸುತ್ತದೆ. ಚಿಗವ್ವನೂ ಕೈ ಹಚ್ಚಿದರೆ ಒಂದೇ ಕ್ಷಣಕ್ಕೆ ಎರಡು ಕೆಲಸ ಆದೀತು. ಆದರೆ ಒಂದು ಗಂಡಾಂತರ ಐತಿ. ಅವ್ವ ರುಚಿ ನೋಡಿ ‘ಉಪ್ಪಿಲ್ಲ’ ಅಂತ ಡಬ್ಬಿ ತರಲಿಕ್ಕೆ ಹೋದಾಗ ಚಿಗವ್ವನೂ ರುಚಿ ನೋಡಿ ಉಪ್ಪು ಹಾಕಿದಳು ಅನ್ನಿರಿ. ಅವ್ವ ಬಂದು ಮತ್ತೆ ಹಾಕುತ್ತಾಳೆ. ಇಬ್ಬರದೂ ತಪ್ಪಿಲ್ಲ, ಬ್ಯಾಳಿ ಮಾತ್ರ ಕೆಟ್ಟಿತು! ಬ್ಯಾಂಕಿನ ಒಂದೇ ಖಾತೆಯಿಂದ ಇಬ್ಬರು ಏಕಕಾಲಕ್ಕೆ ರೊಕ್ಕ ತೆಗೆದರೂ ಲೆಕ್ಕ ಹೀಗೇ ತಪ್ಪಬಹುದು. ಅದಕ್ಕೇ ಒಬ್ಬರ ಲೆಕ್ಕ ಮುಗಿಯುವ ತನಕ ಆ ಖಾತೆಗೆ ಕಂಪ್ಯೂಟರಿನೊಳಗೇ ಕೀಲಿ ಬೀಳುವ ಹಾಗೆ ಮಾಡಿರುತ್ತಾರೆ.