ಲ್ಯಾಪ್‌ಟಾಪಿನ ಖರ್ಚು ಯಾವ ಖಾತೆಗೆ?

ಅಬ್ಬು ಅಂಗಡಿಯ ಲೆಕ್ಕ, ಆಪಾ ಬಿ.ಕಾಂ. ಓದು, ನನ್ನ ಅಕೌಂಟೆನ್ಸಿ ಪ್ರಾಜೆಕ್ಟ್, ಉದಯಗಿರಿಯ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಹಳೆಯ ಲ್ಯಾಪ್‌ಟಾಪ್. ಕಳೆದ ತಿಂಗಳು ಅದರ ಫ್ಯಾನ್ ಮಿಕ್ಸಿಯ ಹಾಗೆ ಸದ್ದು ಮಾಡತೊಡಗಿತು. ಎಕ್ಸೆಲ್‌ನಲ್ಲಿ ಅಂಕಿ ಒತ್ತಿದರೆ ಮೂಡಲು ಎರಡು ಸೆಕೆಂಡು. ರಿಪೇರಿಯವರು "ಪ್ರೊಸೆಸರ್ ಹೋಗಿದೆ, ಹೊಸದೇ ತಗೊಳ್ಳಿ" ಅಂದರು. ಮನೆಯಲ್ಲಿ ಇದ್ದದ್ದು ಆಪಾ ಫೀಸಿನ ಹಣ ಮಾತ್ರ. "ಅಬ್ಬು, ಎರಡು ದಿನ ಟೈಮ್ ಕೊಡಿ" ಅಂದೆ.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 1996ರ ವಿಂಡೋಸ್ ಎನ್‌ಟಿ 4.0ರಿಂದಲೂ ಇದೆ. ಓಡುತ್ತಿರುವ ಪ್ರತಿ ಪ್ರೊಸೆಸ್‌ಗೂ ಒಂದು ಸಾಲು. ಸಿಪಿಯು ಎಂಬಲ್ಲಿ ಕ್ಲಿಕ್ ಮಾಡಿದರೆ ಹೆಚ್ಚು ಬಳಸುವುದು ಮೇಲೆ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಒಟ್ಟು ಖರ್ಚು ನೋಡಿ ಗಾಬರಿಯಾಗುವ ಬದಲು ಲೆಡ್ಜರ್ ತೆರೆದ ಹಾಗೆ.

ಮೊದಲು ಎಡವಿದೆ. ಆನ್ ಮಾಡಿದ ತಕ್ಷಣ ನೋಡಿದೆ, ಎಲ್ಲವೂ ಮೇಲೇರಿತ್ತು. ಅದು ಅಪ್‌ಡೇಟ್, ವೈರಸ್ ಸ್ಕ್ಯಾನ್. ಹತ್ತು ನಿಮಿಷದಲ್ಲಿ ಇಳಿಯಿತು. ಆಮೇಲೆ ಡೀಟೇಲ್ಸ್ ಪುಟದಲ್ಲಿ 'ಸಿಸ್ಟಮ್ ಐಡಲ್ ಪ್ರೊಸೆಸ್' 90 ತೋರಿಸಿತು. ಕಳ್ಳ ಸಿಕ್ಕ ಅಂದುಕೊಂಡೆ! ಅದು ಪ್ರೊಸೆಸರ್ ಸುಮ್ಮನೆ ಕೂತಿರುವ ಪಾಲು. ಖರ್ಚಲ್ಲ, ಕೈಯಲ್ಲಿ ಉಳಿದ ನಗದು.

ಮರುದಿನ ಎಂದಿನಂತೆ ಕೆಲಸ ಮಾಡುತ್ತಾ ಐದೈದು ನಿಮಿಷಕ್ಕೆ ರಫ್ ನೋಟ್‌ನಲ್ಲಿ ಬರೆದೆ. ಎಕ್ಸೆಲ್ ಏರುತ್ತಿತ್ತು, ಇಳಿಯುತ್ತಿತ್ತು. ಬ್ರೌಸರ್‌ನ ಒಂದು ಸಾಲು ಮಾತ್ರ ಜೊಹರ್‌ನಿಂದ ಅಸರ್‌ವರೆಗೂ 50ರ ಹತ್ತಿರವೇ ನಿಂತಿತ್ತು. ಅರ್ಧ ತಾನೇ ಅನ್ನಬೇಡಿ. ಪರ್ಫಾರ್ಮೆನ್ಸ್ ಪುಟ ನೋಡಿದರೆ ನಮ್ಮದರಲ್ಲಿ ಲಾಜಿಕಲ್ ಪ್ರೊಸೆಸರ್ ಇರುವುದೇ 2. ಅಂದರೆ ಇಬ್ಬರು ಕೆಲಸಗಾರರಲ್ಲಿ ಒಬ್ಬ ಪೂರ್ತಿ ಅದಕ್ಕೇ ದುಡಿಯುತ್ತಿದ್ದ. ಬಿಸಿ ಮಿತಿಮೀರಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ; ಎಕ್ಸೆಲ್ ತಡವರಿಸಿದ್ದು ಅದಕ್ಕೇ ಇರಬೇಕು.

ಕ್ರೋಮ್ ಒಳಗೆ ಶಿಫ್ಟ್, ಎಸ್ಕೇಪ್ ಒತ್ತಿದರೆ ಅದರದೇ ಪಟ್ಟಿ ಬರುತ್ತದೆ: ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ಬಳಸುತ್ತಿದೆ ಎಂದು. ಮೇಲೆ ಕೂತಿದ್ದದ್ದು ವಿಡಿಯೋ ಇಳಿಸಿಕೊಳ್ಳುವ ಒಂದು ಎಕ್ಸ್‌ಟೆನ್ಶನ್. ತೆಗೆದುಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ಸದ್ದು ಅಡಗಿತು.

ನಿಮ್ಮ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ಕೂಡಲೇ 'ಎಂಡ್ ಟಾಸ್ಕ್' ಒತ್ತಬೇಡಿ. ವಿಂಡೋಸ್‌ಗೇ ಬೇಕಾದದ್ದನ್ನು ನಿಲ್ಲಿಸಿದರೆ ಯಂತ್ರವೇ ನಿಂತೀತು. ರೈಟ್ ಕ್ಲಿಕ್ ಮಾಡಿ ಫೈಲ್ ಎಲ್ಲಿದೆ ನೋಡಿ, ಕೆಲಸ ಸೇವ್ ಮಾಡಿಕೊಳ್ಳಿ. ಯಾವ ಸಾಲೂ ಹೆಚ್ಚಿಲ್ಲದೆ ಬಿಸಿಯಾಗುತ್ತಿದ್ದರೆ ಫ್ಯಾನಿನಲ್ಲಿ ಧೂಳು ತುಂಬಿರಬಹುದು, ಆಗ ರಿಪೇರಿ ಅಂಗಡಿಗೇ ಹೋಗಬೇಕು.

ಆಪಾ ಫೀಸು ಕಟ್ಟಿಯಾಯಿತು. ಅಬ್ಬು ಕೇಳಿದ್ದು ಒಂದೇ: "ಅದನ್ನ ಹಾಕಿದ್ದು ಯಾರು ಬೇಟಾ?"

ನಾನೇ.