ಸ್ಯಾನ್ ಡಿಯೇಗೊದ ಅಗ್ಗದ ಗೋಲ್ಡ್ ವಿಂಗ್: ನಿಜವಾದ ಬೆಲೆ ಎಷ್ಟು?

ನಿಮ್ಮ ಮನೆ ವಾಲ್‌ನಟ್‌ನಲ್ಲಿ. ಸ್ಯಾನ್ ಡಿಯೇಗೊದಲ್ಲಿ ಒಬ್ಬರು ಹಳೆಯ ಹೋಂಡಾ ಗೋಲ್ಡ್ ವಿಂಗ್ ಅನ್ನು 12,000 ಡಾಲರಿಗೆ ಮಾರುತ್ತಿದ್ದಾರೆ ಎಂದುಕೊಳ್ಳಿ. ಅಲ್ಲಿ ತೆರಿಗೆ 7.75%, ಲಾಸ್ ಏಂಜಲೀಸ್ ಕೌಂಟಿಯಲ್ಲಿ 2025ರ ಏಪ್ರಿಲ್‌ನಿಂದ 9.75%. ಅಲ್ಲಿಂದಲೇ ತಂದರೆ 240 ಡಾಲರ್ ಉಳಿಯಿತಲ್ಲ ಅಂತ ಅನಿಸುವುದು ಸಹಜ.

ಉಳಿಯುವುದಿಲ್ಲ. ಖಾಸಗಿಯಾಗಿ ಗಾಡಿ ಕೊಂಡಾಗ ಮಾರುವವರು ತೆರಿಗೆ ತೆಗೆದುಕೊಳ್ಳುವುದಿಲ್ಲ. ಹೆಸರು ವರ್ಗಾಯಿಸುವಾಗ ನೀವೇ ಡಿಎಂವಿಯಲ್ಲಿ ಯೂಸ್ ಟ್ಯಾಕ್ಸ್ ಕಟ್ಟಬೇಕು, ಅದೂ ಗಾಡಿ ನೋಂದಣಿಯಾಗುವ ನಿಮ್ಮ ವಿಳಾಸದ ದರದಲ್ಲಿ. ಅಂದರೆ 1,170 ಡಾಲರ್. "ಕಾಗದದಲ್ಲಿ ಅರ್ಧ ಬೆಲೆ ಬರೆದುಕೊಡ್ತೀನಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸುಳ್ಳು ಹೇಳಿಕೆಗೆ ಸಹಿ ಹಾಕುವುದು ಅಪರಾಧ.

ಇನ್ನೊಂದು ಗುಂಡಿ ಹಳೆಯ ಬಾಕಿ. ಇಂಥ ದೊಡ್ಡ ಬೈಕುಗಳು ವರ್ಷಗಟ್ಟಲೆ ಗ್ಯಾರೇಜಿನಲ್ಲೇ ನಿಂತಿರುತ್ತವೆ. ಗಾಡಿ ಓಡಿಸುತ್ತಿಲ್ಲ ಎಂದು ಡಿಎಂವಿಗೆ ತಿಳಿಸದೆ ನೋಂದಣಿ ಬಿಟ್ಟಿದ್ದರೆ ಶುಲ್ಕ, ದಂಡ ಎರಡೂ ಗಾಡಿಯ ಜೊತೆಗೇ ನಿಮ್ಮ ತಲೆಗೆ ಬರುತ್ತವೆ. ಡಿಎಂವಿಯ ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಟೈಟಲ್, ಇಲ್ಲಿಯವರ ಮಾತಿನಲ್ಲಿ ಪಿಂಕ್ ಸ್ಲಿಪ್, ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ನಮ್ಮೂರಿನ ಆರ್‌ಸಿಯಲ್ಲಿ ಹೈಪೋಥಿಕೇಶನ್ ಇದ್ದ ಹಾಗೆ ಇಲ್ಲಿ ಸಾಲ ಕೊಟ್ಟವರ ಹೆಸರು ಟೈಟಲ್ ಮೇಲಿರುತ್ತದೆ. ಅವರ ಸಹಿ ಬೇಕೇ ಬೇಕು. ಮಾರಿದವರು 5 ದಿನದೊಳಗೆ ಡಿಎಂವಿಗೆ ತಿಳಿಸಬೇಕು, ಕೊಂಡವರು 10 ದಿನದೊಳಗೆ ವರ್ಗಾವಣೆ ಮಾಡಿಸಬೇಕು.

ಗಾಡಿಯ ವಿಷಯಕ್ಕೆ ಬಂದರೆ, 2001ರಿಂದ 2017ರವರೆಗಿನ ಜಿಎಲ್1800 ಒಂದು ಪೀಳಿಗೆ. 2018ರಲ್ಲಿ ಹೊಸ ವಿನ್ಯಾಸ ಬಂತು. ಎರಡರಲ್ಲೂ ಶಾಫ್ಟ್ ಡ್ರೈವ್, ಹಾಗಾಗಿ ಚೈನ್ ಖರ್ಚಿಲ್ಲ. ಬೈಕಿಗೆ ಸ್ಮಾಗ್ ಪರೀಕ್ಷೆಯೂ ಇಲ್ಲ. ಆದರೆ ಮೈಲಿ ಕಡಿಮೆ ಓಡಿದೆ ಎಂದು ಹಿಗ್ಗುವ ಮೊದಲು ಬಗ್ಗಿ ಟೈರಿನ ಪಕ್ಕದ ಡಾಟ್ ಸಂಖ್ಯೆ ಓದಿ. ಕೊನೆಯ ನಾಲ್ಕು ಅಂಕಿ 3516 ಎಂದಿದ್ದರೆ ಅದು 2016ರ 35ನೇ ವಾರದ ಟೈರು. ಗುಂಡಿ ಎಷ್ಟೇ ಆಳವಾಗಿ ಕಂಡರೂ ರಬ್ಬರಿಗೆ ವಯಸ್ಸಾಗಿದೆ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ನನಗಂತೂ ಅನುಮಾನ.

ಈಗ ಕೂಡಿಸೋಣ. ಟೈರಿಗೆ 700, ಬಾಕಿಗೆ 400 ಎಂದು ಅಂದಾಜು ಹಿಡಿಯಿರಿ. 12,000 ಜೊತೆಗೆ ತೆರಿಗೆ 1,170, ಈ 1,100 ಸೇರಿ 14,270. ವಾಲ್‌ನಟ್‌ನಲ್ಲೇ ಹೊಸ ಟೈರು ಹಾಕಿದ, ಬಾಕಿಯಿಲ್ಲದ ಅದೇ ಬೈಕು 12,800ಕ್ಕೆ ಸಿಕ್ಕರೆ ತೆರಿಗೆ 1,248 ಸೇರಿ 14,048. "ದುಬಾರಿ" ಗಾಡಿಯೇ 222 ಡಾಲರ್ ಅಗ್ಗ, ಹೋಗಿಬರುವ ಪೆಟ್ರೋಲು ಬೇರೆ.

ಇನ್ಶೂರೆನ್ಸ್ ದರವನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ. 2025ರಿಂದ ಕ್ಯಾಲಿಫೋರ್ನಿಯಾದ ಕನಿಷ್ಠ ಹೊಣೆಗಾರಿಕೆ ಮೊತ್ತ ಏರಿದೆ: ಒಬ್ಬರಿಗೆ ಗಾಯವಾದರೆ 30,000, ಒಂದು ಅಪಘಾತದಲ್ಲಿ ಒಟ್ಟು 60,000, ಆಸ್ತಿ ಹಾನಿಗೆ 15,000 ಡಾಲರ್. ಇದರಲ್ಲಿ ನಿಮ್ಮ ಬೈಕಿನ ರಿಪೇರಿಗೆ ಒಂದು ಪೈಸೆಯೂ ಬರುವುದಿಲ್ಲ.