ಕೆಲವರೇ ಆಳಿದರೆ ಏನಂತಾರೆ?



ಎಲ್ಲರೂ ಸೇರಿ ಆಳಿದರೆ ಪ್ರಜಾಪ್ರಭುತ್ವ. ಒಬ್ಬನೇ ಆಳಿದರೆ ಸರ್ವಾಧಿಕಾರ. ನಾಲ್ಕಾರು ಬಲಾಢ್ಯರೇ ಎಲ್ಲರನ್ನೂ ಆಳಿದರೆ? ಗ್ರೀಕರು ಅದನ್ನು ‘ಒಲಿಗಾರ್ಕಿ’ ಎಂದರು. ‘ಒಲಿಗೋಸ್’ ಅಂದ್ರೆ ಕೆಲವರು, ‘ಆರ್ಖೆ’ ಅಂದ್ರೆ ಆಳ್ವಿಕೆ. ಕನ್ನಡದಲ್ಲಿ ‘ಅಲ್ಪಜನಾಧಿಪತ್ಯ’ ಅನ್ನಬಹುದು. ಹಣವಂತರೇ ಆಳಿದರೆ ‘ಧನಿಕಪ್ರಭುತ್ವ’, ಸೇನಾಧಿಕಾರಿಗಳ ಕೂಟ ಆಳಿದರೆ ‘ಜುಂಟಾ’.

ಕ್ರಿ.ಪೂ. 404ರಲ್ಲಿ ಗ್ರೀಸಿನ ಅಥೆನ್ಸ್ ನಗರ ಯುದ್ಧದಲ್ಲಿ ಸೋತಾಗ, ಗೆದ್ದ ಸ್ಪಾರ್ಟಾದ ಬೆಂಬಲದಿಂದ 30 ಮಂದಿ ಅಧಿಕಾರ ಹಿಡಿದರು. 3000 ಪುರುಷರಿಗೆ ಮಾತ್ರ ಹಕ್ಕು ಉಳಿಸಿದರು. ಅನೇಕರನ್ನು ಕೊಲ್ಲಿಸಿ ಆಸ್ತಿ ಕಸಿದರು. ಮರುವರ್ಷವೇ ಜನ ತಿರುಗಿಬಿದ್ದರು, ಪ್ರಜಾಪ್ರಭುತ್ವ ಮರಳಿತು. ಹೆಂಗಸರಿಗಂತೂ ಆಗಲೂ ಮತವಿರಲಿಲ್ಲ!

ಆದರೆ ಕೆಲವರ ಆಳ್ವಿಕೆ ಯಾವಾಗಲೂ ಕತ್ತಿ ಹಿಡಿದೇ ಬರಲ್ಲ. ಜರ್ಮನಿಯಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಷೆಲ್ಸ್ 1911ರಲ್ಲಿ ಕಾರ್ಮಿಕರ ಪಕ್ಷಗಳ ಬಗ್ಗೆ ಪುಸ್ತಕ ಬರೆದರು. ಸಮಾನತೆಗಾಗಿ ಹುಟ್ಟಿದ ಪಕ್ಷದಲ್ಲೂ ಕಾಗದಪತ್ರ, ಭಾಷಣ ಬಲ್ಲ ಕೆಲವರೇ ನಾಯಕರಾಗಿ ಉಳಿಯುತ್ತಾರೆ. ಉಳಿದವರು ಕೃತಜ್ಞತೆಯಿಂದ ಎಲ್ಲವನ್ನೂ ಅವರಿಗೇ ಬಿಡುತ್ತಾರೆ. ಇದನ್ನು ಅವರು ‘ಕಬ್ಬಿಣದ ನಿಯಮ’ ಎಂದರು.

ನಮ್ಮ ಸಂಘದಲ್ಲೂ ಹೀಗೇ. “ಅಕ್ಕನಿಗೆ ಎಲ್ಲಾ ಗೊತ್ತು, ನಮಗ್ಯಾಕೆ” ಅಂತ ನಿರ್ಣಯ ಪುಸ್ತಕ ಓದದೆ ಸಹಿ ಹಾಕಿದ ದಿನವೇ ಅದು ಶುರು. ಅಕ್ಕ ಒಳ್ಳೆಯವಳೇ ಇರಬಹುದು. ಆದರೂ ಪ್ರತಿನಿಧಿಗಳು ಬದಲಾಗಲಿ. ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಬ್ಯಾಂಕಿಗೆ ಸರದಿಯಂತೆ ಹೋಗಿ. ಕಬ್ಬಿಣವೂ ಬಾಗುತ್ತೆ.

ಚರ್ಚೆಗೆ:
1. ಸಂಘದ ಪಾಸ್‌ಬುಕ್ ನೀವು ಕೊನೆಯ ಸಲ ನೋಡಿದ್ದು ಯಾವಾಗ?
2. ಯಾರಿಗೆ ಸಾಲ ಎಂದು ತೀರ್ಮಾನಿಸುವವರು ಯಾರು?
3. ಸಭೆಯಲ್ಲಿ ಇದುವರೆಗೂ ಮಾತಾಡದವರು ಯಾರು?